ಸಂಘದ ಸದಸ್ಯೆಗೆ ಮನೆಯಲ್ಲಿ ಹೊಡೆತ: ನಾವು ಏನು ಮಾಡಬಹುದು?

ಸ್ತ್ರೀಶಕ್ತಿ ಸಂಘದ ಸದಸ್ಯೆ, ಮಲ್ಪೆ

ನಮ್ಮ ಸಂಘದಲ್ಲಿ ಬೀಡಿ ಕಟ್ಟುವ ಒಬ್ಬಳಿದ್ದಾಳೆ. ಗಂಡ ಬೋಟಿಗೆ ಹೋಗುವವನು. ಜೂನ್, ಜುಲೈ ತಿಂಗಳಲ್ಲಿ ಮೀನುಗಾರಿಕೆಗೆ ನಿಷೇಧವಿದ್ದಾಗ ಅವನು ಮನೆಯಲ್ಲೇ ಇರುತ್ತಾನೆ, ಕುಡಿದು ಹೊಡೆಯುತ್ತಾನೆ. ಬೋಟು ಕಡಲಿಗಿಳಿದ ಮೇಲೂ ಅದು ನಿಂತಿಲ್ಲ. ಮೊನ್ನೆ ಎಲೆ ಕತ್ತರಿಸುವ ಕತ್ತರಿ ಹಿಡಿಯಲಾಗದಷ್ಟು ಅವಳ ಬೆರಳು ಊದಿತ್ತು. ಬಾಗಿಲಿಗೆ ಸಿಕ್ಕಿತು ಎಂದಳು. ಹಿರಿಯರು ಇಬ್ಬರನ್ನೂ ಕೂರಿಸಿ ಮಾತನಾಡಿ, ಇನ್ನು ಕುಡಿಯುವುದಿಲ್ಲವೆಂದು ದೈವದ ಎದುರು ಅವನಿಂದ ಹೇಳಿಸಿದ್ದೂ ಆಯಿತು. ಠಾಣೆಗೆ ಹೋಗಲು ಅವಳು ಒಪ್ಪುವುದಿಲ್ಲ. ಅವಳಿಗೆ ಇನ್ನಷ್ಟು ಅಪಾಯ ತಾರದೆ ನಾವು ಏನು ಮಾಡಬಹುದು?

ಓದುಗ, ಉಡುಪಿ

ಹೊಡೆಯುವ ಸದ್ದು ಕೇಳಿದ ಕೂಡಲೇ 112ಕ್ಕೆ ಕರೆ ಮಾಡಿ. ನೆರೆಯವರೂ ಮಾಡಬಹುದು.

ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಬ್ರಹ್ಮಾವರ

ತಂಗೀ, ಮೊದಲು ಆ ಪಂಚಾತಿಕೆ ನಿಲ್ಲಲಿ. ಗಂಡನ ಪಕ್ಕದಲ್ಲೇ ಕೂರಿಸಿ ಕೇಳಿದರೆ ಅವಳು ಬಾಯಿ ಬಿಡುವುದಿಲ್ಲ. ಬಿಟ್ಟರೆ ಅವನು ರಾತ್ರಿ ಬಾಗಿಲು ಹಾಕಿಕೊಂಡು ಅದರ ಸೇಡು ತೀರಿಸಿಕೊಳ್ಳುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿರಿಯರ ಮೇಲೆ ನನಗೆ ಗೌರವವಿದೆ, ಆದರೆ "ಹೊಂದಿಕೊಂಡು ಹೋಗು ಮಗಳೇ" ಎಂದು ಕಳುಹಿಸಿದವರಾರೂ ಮರುದಿನ ಅವಳ ಮೈ ನೋಡಲು ಬರುವುದಿಲ್ಲ.

ಠಾಣೆ ಬೇಡವೆಂದರೆ ದಾರಿ ಮುಚ್ಚಿತು ಎಂದುಕೊಳ್ಳಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಎಂಬವರಿದ್ದಾರೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆ ಇದೆ. ಅವಳು ಹೇಳಿದ್ದನ್ನು ಅವರು ಘಟನಾ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುತ್ತಾರೆ. ಅಂಗನವಾಡಿಯೂ ಅದೇ ಇಲಾಖೆಯದು. ಮಗುವನ್ನು ಬಿಡಲು ಬಂದ ತಾಯಿ ಟೀಚರ್ ಹತ್ತಿರ ಸ್ವಲ್ಪ ಹೊತ್ತು ಹೆಚ್ಚು ಕುಳಿತರೆ ಯಾವ ಗಂಡನಿಗೂ ಸಂಶಯ ಬರುವುದಿಲ್ಲ. ಮಾತು ಅಲ್ಲಿಂದಲೇ ಶುರುವಾಗಲಿ.

ಆ ಬೆರಳನ್ನು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ. ವೈದ್ಯರಿಗೆ ಬಾಗಿಲಿನ ಕಥೆ ಬೇಡ, ಯಾರು ಹೊಡೆದರೆಂದೇ ಹೇಳಲಿ. ಆ ಚೀಟಿ ಮುಂದೆ ಸಾಕ್ಷಿಯಾಗುತ್ತದೆ. ತುರ್ತಾಗಿ ಮನೆ ಬಿಡಬೇಕಾಗಿ ಬಂದರೆ ಹಿಂಸೆಗೊಳಗಾದ ಮಹಿಳೆಯರ ನೆರವಿಗಿರುವ ಜಿಲ್ಲೆಯ ಸರಕಾರಿ ಸಖಿ ಕೇಂದ್ರದಲ್ಲಿ ಐದು ದಿನಗಳವರೆಗೆ ಉಳಿಯಲು ಅವಕಾಶವಿದೆ. ಮಹಿಳಾ ಸಹಾಯವಾಣಿ 181. ಆದರೆ ಯಾವಾಗ, ಎಲ್ಲಿಗೆ ಎಂಬುದನ್ನು ಅವಳೇ ಹೇಳಬೇಕು. ನಿಮ್ಮ ಸಿಟ್ಟಿನಿಂದ ಅವಳನ್ನು ದೂಡಬೇಡಿ. ಮನೆ ಬಿಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು.

ವಕೀಲೆ, ಮಂಗಳೂರು

ಟೀಚರ್ ಹೇಳಿದ್ದು ಸರಿ. ಒಂದೆರಡು ಮಾತು ಸೇರಿಸುತ್ತೇನೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅವನೇ ಹೊರಗಿರಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಅರ್ಜಿ ಬಂದ ಮೂರು ದಿನಗಳೊಳಗೆ ಮೊದಲ ವಿಚಾರಣೆಯ ದಿನ ನಿಗದಿಯಾಗಬೇಕೆಂದು ಕಾಯ್ದೆ ಹೇಳುತ್ತದೆ. ಇನ್ನು ಹಿಂಸಿಸಬಾರದೆಂದು ನ್ಯಾಯಾಲಯ ಕೊಡುವ ರಕ್ಷಣಾ ಆದೇಶವನ್ನು ಅವನು ಮೀರಿದರೆ ಒಂದು ವರ್ಷದವರೆಗೆ ಜೈಲು. ವಕೀಲರ ಖರ್ಚಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟ ನೆರೆಯವರ ಮೇಲೂ ಯಾವ ಹೊಣೆ ಬರುವುದಿಲ್ಲ.

ಸ್ತ್ರೀಶಕ್ತಿ ಸಂಘದ ಸದಸ್ಯೆ, ಮಲ್ಪೆ

ಟೀಚರ್, ಅವಳ ಮೊಬೈಲನ್ನು ಅವನು ದಿನವೂ ನೋಡುತ್ತಾನೆ. ಕಾಗದಪತ್ರವೆಲ್ಲ ಅವನ ಕಪಾಟಿನಲ್ಲಿದೆ.

ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಬ್ರಹ್ಮಾವರ

ಹಾಗಾದರೆ ಮೊಬೈಲಿನಲ್ಲಿ ಏನೂ ಬೇಡ, ಸಂದೇಶ ಬೇಡವೇ ಬೇಡ. ಮಾತೆಲ್ಲ ಸಂಘದ ವಾರದ ಸಭೆಯಲ್ಲಿ, ಇಲ್ಲವೇ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ದಾರಿಯಲ್ಲಿ ಆಗಲಿ. ಮೂಲ ಪತ್ರ ಕಾಣೆಯಾದರೆ ಅವನಿಗೆ ತಿಳಿಯುತ್ತದೆ. ಆದ್ದರಿಂದ ಸಾಲದ ಅರ್ಜಿಗೆ ಬೇಕೆಂದು ಸಂಘದಿಂದಲೇ ಆಧಾರ್, ಪಡಿತರ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಕೇಳಿ. ಬೀಡಿ ಕಾರ್ಮಿಕರ ಗುರುತಿನ ಚೀಟಿಯದ್ದೂ ಇರಲಿ. ಎಲ್ಲವನ್ನೂ ಸಂಘದ ಪೆಟ್ಟಿಗೆಯಲ್ಲಿ ಇಡಿ. ಕೀಲಿ ಯಾರ ಬಳಿ ಇದೆ ಎಂಬುದು ಅವಳಿಗೆ ಗೊತ್ತಿರಲಿ.