ಸಹಾಯ ಬೇಕು: ಟೆನ್ಷನ್‌ಗೆ ಮೊದ್ಲು ಯಾರ ಹತ್ರ ಹೋಗ್ಬೇಕು?

ಎಲ್ರಿಗೂ ನಮಸ್ಕಾರ. ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತೀನಿ, ತಿಂಗಳ 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಡೇಟ್ ಹತ್ರ ಬಂತಂದ್ರೆ ಸಾಕು ಕತ್ತು ಭುಜ ಎಲ್ಲಾ ಬಿಗಿಯುತ್ತೆ, ಎದೆ ಡವಡವ ಅನ್ನುತ್ತೆ, ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಹತ್ತಲ್ಲ, ಮಗು ಹೋಮ್‌ವರ್ಕ್ ಕೇಳೋಕೆ ಬಂದ್ರೂ ರೇಗ್ಬಿಡ್ತೀನಿ, ಅದೇ ನಂಗೆ ತುಂಬಾ ಸಂಕಟ. ಇಸಿಜಿ, ಥೈರಾಯ್ಡ್ ಎಲ್ಲಾ ನಾರ್ಮಲ್, ಸ್ಟ್ರೆಸ್ ಅಷ್ಟೇ ಅಂದ್ರು ಡಾಕ್ಟ್ರು. ಸಂಜೆ ಕಾಫಿ ಬಿಟ್ಟೆ, ವಾಕಿಂಗ್, ಪ್ರಾಣಾಯಾಮ ಮಾಡ್ತಿದೀನಿ, ಸ್ವಲ್ಪ ಹಗುರ ಅನ್ಸುತ್ತೆ, 15 ದಾಟಿದ್ರೆ ಮತ್ತೆ ಅದೇ ಕಥೆ. ಮಾತ್ರೆ ಬರೆಯೋರು ಸೈಕಿಯಾಟ್ರಿಸ್ಟ್, ಕೂರಿಸಿ ಮಾತಾಡಿಸೋರು ಸೈಕಾಲಜಿಸ್ಟ್ ಅಂತ ಗೊತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಇಂಥ ದಿನನಿತ್ಯದ ಒತ್ತಡಕ್ಕೂ ಅಲ್ಲಿಗೆ ಫೋನ್ ಮಾಡಿದೋರು ಇದೀರಾ? ಮೊದ್ಲು ಅಲ್ಲಿ ಮಾತಾಡ್ಲಾ, ಇಲ್ಲಾ ನೇರ ಸೈಕಾಲಜಿಸ್ಟ್ ಹತ್ರ ಹೋಗ್ಲಾ? ಅನುಭವ ಇರೋರು ದಯವಿಟ್ಟು ಹೇಳಿ.