ಸಹಾಯ ಬೇಕು: ಉಪ್ಪು ಕಾಯಿಸಿದಾಗ ಫೋನಾನ್ (ಹರಳಿನೊಳಗಿನ ಪರಮಾಣು ಕಂಪನ) ಲೆಕ್ಕ

ಎಲ್ರಿಗೂ ನಮಸ್ಕಾರ. ಊರು ಧಾರವಾಡ, ಈಗ ಪುಣೆಯಲ್ಲಿ ಫಿಸಿಕ್ಸ್ ಎಂಎಸ್‌ಸಿ ಮಾಡ್ತಿದ್ದೇನೆ. ಸೋಮವಾರ ಸೆಮಿನಾರ್ ಇದೆ, ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ಸೋಡಿಯಂ ಕ್ಲೋರೈಡ್ ಹರಳಿನಲ್ಲಿ ಅಡ್ಡ ಆಪ್ಟಿಕಲ್ ಕಂಪನದ (ಸೋಡಿಯಂ ಒಂದು ಕಡೆ, ಕ್ಲೋರಿನ್ ಎದುರು ಕಡೆ ಅಲುಗಾಡೋದು) ಆವರ್ತನ ಕೋಣೆಯ ಉಷ್ಣತೆಯಲ್ಲಿ ಪ್ರತಿ ಸೆಂಟಿಮೀಟರ್‌ಗೆ ಸುಮಾರು 164. ಕಾಯಿಸಿದರೆ ಇಳಿಯುತ್ತದೆ, ರೋಹಿತದಲ್ಲಿ ಅದರ ಗೆರೆ ಅಗಲವಾಗುತ್ತದೆ. ಒತ್ತಿದರೆ ಏರುತ್ತದೆ. ಇಷ್ಟು ಸರಿ.

300ರಿಂದ 400 ಕೆಲ್ವಿನ್‌ಗೆ ಹೋದರೆ ಗಾತ್ರ ಸುಮಾರು 1.2% ಹಿಗ್ಗುತ್ತದೆ. ಗ್ರೂನೈಸನ್ ಸಂಖ್ಯೆ (ಗಾತ್ರ 1% ಹಿಗ್ಗಿದರೆ ಆವರ್ತನ ಎಷ್ಟು % ಇಳಿಯುತ್ತದೆ ಅನ್ನೋದು) 2.5 ಅಂತ ಹಿಡಿದರೆ ಆವರ್ತನ 3%, ಅಂದರೆ 5ರಷ್ಟು ಇಳಿಯಬೇಕು. ಇದು ಬರೀ ಹಿಗ್ಗಿದ್ದರ ಲೆಕ್ಕ. ಗೆರೆ ಯಾಕೆ ಅಗಲವಾಯ್ತು ಅಂತ ಇದು ಹೇಳೋದೇ ಇಲ್ಲ!

ಆಮೇಲೆ ಟಪರಿಯಲ್ಲಿ ಚಹಾ ಕುಡಿಯುತ್ತಾ ಪೇಪರ್ ಕಪ್ ಮೇಲೆ ಇನ್ನೊಂದು ಲೆಕ್ಕ ಗೀಚಿದೆ. ಕಾದ ಹರಳನ್ನು ಸುಮಾರು 0.3 ಗಿಗಾಪಾಸ್ಕಲ್ ಒತ್ತಿದರೆ ಗಾತ್ರ ಮೊದಲಿನಷ್ಟೇ ಆಗುತ್ತದೆ, ಅಲ್ವಾ? ಗೈಡ್ ಹತ್ತಿರ ಕೇಳಿದರೆ "ಅನ್‌ಹಾರ್ಮೋನಿಸಿಟಿ ಓದು" ಅಂದರು (ಪರಮಾಣುಗಳ ನಡುವಿನ ಬಲ ಆದರ್ಶ ಸ್ಪ್ರಿಂಗ್‌ನಂತೆ ಇಲ್ಲದಿರೋದು), ಅಷ್ಟೇ. ಓದಿದೆ. ಶಕ್ತಿಯ ಸೂತ್ರದಲ್ಲಿ ಸ್ಥಾನಪಲ್ಲಟದ ಘನ ಪದ ಆವರ್ತನ ಇಳಿಸುತ್ತದೆ, ನಾಲ್ಕನೇ ಘಾತದ್ದು ಸಾಮಾನ್ಯವಾಗಿ ಏರಿಸುತ್ತದೆ ಅಂತಿದೆ. ಸ್ಟ್ರಾನ್ಷಿಯಂ ಟೈಟನೇಟ್‌ನಲ್ಲಂತೂ ಕಾಯಿಸಿದರೆ ಮೆದು ಕಂಪನದ (ತಣಿಸಿದಾಗ ಆವರ್ತನ ತೀರಾ ಇಳಿಯುವಂಥದ್ದು) ಆವರ್ತನ ಏರುತ್ತದಂತೆ. ಅಲ್ಲಿಗೆ ತಲೆ ಕೆಟ್ಟಿತು.

ನನ್ನ ಪ್ರಶ್ನೆ ಇಷ್ಟೇ. ಹಾಗೆ ಒತ್ತಿ ಗಾತ್ರ ವಾಪಸ್ ತಂದರೆ, 400 ಕೆಲ್ವಿನ್‌ನಲ್ಲಿ ಆವರ್ತನ ಮತ್ತೆ 164ಕ್ಕೆ ಬರುತ್ತದಾ? ಬರದಿದ್ದರೆ ಉಳಿದ ವ್ಯತ್ಯಾಸದ ಚಿಹ್ನೆ ಪ್ಲಸ್ಸಾ ಮೈನಸ್ಸಾ ಅಂತ ಕೈಲೆಕ್ಕದಲ್ಲಿ ಹೇಗೆ ತಿಳಿಯೋದು?