ಮನೆಯಲ್ಲಿ ಸಾಕಲು ಯಾವ ತಳಿಯ ಮೊಲ ತರಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಮೊಲ ಬೇಕು ಅಂತ ಮಕ್ಕಳು ಆರು ತಿಂಗಳಿಂದ ತಲೆ ತಿನ್ನುತ್ತಿದ್ದಾರೆ. ಮಗಳಿಗೆ 9 ವರ್ಷ, ಮಗನಿಗೆ 5. ಮನೆ ಚಿಕ್ಕದು, ಅದಕ್ಕೇ ತೀರಾ ಪುಟ್ಟದಾದ ನೆದರ್‌ಲ್ಯಾಂಡ್ ಡ್ವಾರ್ಫ್ ತರೋಣ ಅಂತ ನಾನು. ಮಗಳಿಗೆ ಮಾತ್ರ ಕುತ್ತಿಗೆ ತುಂಬ ಕೂದಲಿರುವ ಲಯನ್‌ಹೆಡ್ಡೇ ಬೇಕಂತೆ. ಯಾವುದು ಒಳ್ಳೆಯದು?

ಉತ್ತರ (ಪಶುವೈದ್ಯೆ): ಎರಡೂ ಬೇಡ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ಡ್ವಾರ್ಫ್ ತೂಗುವುದು ಸುಮಾರು 1 ಕಿಲೋ. ಆದರೆ ಪಾದರಸದಂಥ ಪ್ರಾಣಿ, ಬಾಗಿಲು ಬಡಿದರೂ ಬೆಚ್ಚಿ ಓಡುತ್ತದೆ. ನಿಮ್ಮ ಮಗ ಎತ್ತಿಕೊಂಡಾಗ ಅದು ಗಾಬರಿಯಿಂದ ಕೊಸರಿಕೊಂಡು ಹಿಂಗಾಲು ಝಾಡಿಸಿದರೆ ಕೈಜಾರಿ ಬೀಳಬಹುದು, ಬೀಳದಿದ್ದರೂ ಒದ್ದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಮೊಲದ ಮೂಳೆ ಅಷ್ಟು ಹಗುರ. ಇನ್ನೊಂದು, ಆ ಮುದ್ದಾದ ಗುಂಡು ಮುಖವೇ ತೊಂದರೆ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಮೊಟಕು ಮುಖದಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂರದಿದ್ದರೆ ಸವೆಯುವುದಿಲ್ಲ, ಕೊಕ್ಕೆಯ ಹಾಗೆ ಬೆಳೆದು ಬಾಯಿಗೇ ಚುಚ್ಚುತ್ತದೆ. ಕಿವಿ ಜೋತುಬಿದ್ದ ಲಾಪ್ ತಳಿಗಳಲ್ಲಿ ಇದರ ಜೊತೆಗೆ ಕಿವಿಯ ಸೋಂಕೂ ಜಾಸ್ತಿ.

ಲಯನ್‌ಹೆಡ್ ನೋಡಲು ಚೆಂದ, ಬಾಚುವವರು ಯಾರು? ಮೈ ನೆಕ್ಕಿಕೊಳ್ಳುವಾಗ ಕೂದಲು ಹೊಟ್ಟೆ ಸೇರುತ್ತದೆ, ಬೆಕ್ಕಿನ ಹಾಗೆ ಕಕ್ಕಲು ಮೊಲಕ್ಕೆ ಆಗುವುದೇ ಇಲ್ಲ. ಮೈತುಂಬ ಉದ್ದ ಕೂದಲಿರುವ ಅಂಗೋರಾ ತಳಿ ಅಂತೂ ಕೇಳಲೇಬೇಡಿ.

ನಾನಾದರೆ ಡಚ್ ತರುತ್ತಿದ್ದೆ. 2 ರಿಂದ 2.5 ಕಿಲೋ, ಗಿಡ್ಡ ಕೂದಲು, ಸಾಮಾನ್ಯವಾಗಿ ಮನುಷ್ಯರ ಜೊತೆ ಬೇಗ ಹೊಂದಿಕೊಳ್ಳುತ್ತದೆ. ನ್ಯೂಜಿಲೆಂಡ್ ವೈಟ್ ಇನ್ನೂ ಸಮಾಧಾನಿ, ಆದರೆ 4-5 ಕಿಲೋ. ಚಿಕ್ಕ ಮೊಲಕ್ಕೆ ಚಿಕ್ಕ ಜಾಗ ಸಾಕು ಅನ್ನುವುದು ಸುಳ್ಳು. ದೊಡ್ಡವು ಕಾಲು ಚಾಚಿ ಬಿದ್ದುಕೊಳ್ಳುವುದೇ ಹೆಚ್ಚು, ಪುಟಾಣಿಗಳೇ ಮನೆಯೆಲ್ಲ ಓಡುವುದು. ಯಾವುದೇ ತಂದರೂ ದಿನಕ್ಕೆ ಕೆಲವು ಗಂಟೆ ಹೊರಗೆ ಬಿಡಲೇಬೇಕು, ವೈರ್ ಕಡಿಯದ ಹಾಗೆ ನೋಡಿಕೊಳ್ಳಿ.

ಇನ್ನೊಬ್ಬ ಸದಸ್ಯರು: ಮೇಡಂ, ನನಗೆ ಡ್ವಾರ್ಫ್ ಅಂತಲೇ ಕೊಟ್ಟಿದ್ದರು. ಈಗ 8 ತಿಂಗಳು, 2 ಕಿಲೋ ದಾಟಿದೆ. ಏನಾದರೂ ಕಾಯಿಲೆಯಾ?

ಉತ್ತರ: ಕಾಯಿಲೆ ಏನಿಲ್ಲ ಸರ್, ಚೆನ್ನಾಗಿ ತಿಂದು ಓಡಾಡಿಕೊಂಡಿದ್ದರೆ ಅದು ಬೆರಕೆ ತಳಿ ಅಷ್ಟೇ. ಮರಿಯಾಗಿದ್ದಾಗ ಎಲ್ಲವೂ ಅಂಗೈಯಗಲವೇ ಅಲ್ವಾ! ಅಪ್ಪ ಅಮ್ಮ ಮೊಲಗಳನ್ನು ನೋಡಿ ತರಬೇಕು.

ಮೊದಲ ಪ್ರಶ್ನೆಯವರು: ಗಂಡಾ, ಹೆಣ್ಣಾ ಮೇಡಂ? ಜೋಡಿ ತರಬೇಕು ಅಂತಾರಲ್ಲ?

ಉತ್ತರ: ಜೋಡಿ ಇದ್ದರೆ ಮೊಲಕ್ಕೆ ಖುಷಿ, ಆದರೆ ಆಪರೇಷನ್ ಮಾಡಿಸದೆ ಒಟ್ಟಿಗೆ ಬಿಡಬೇಡಿ. 31 ದಿನಕ್ಕೆ ಮರಿ ಹಾಕುತ್ತವೆ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವಾಗ ಮಾರುವವರೇ ಎಡವುತ್ತಾರೆ, ಎರಡೂ ಹೆಣ್ಣು ಅಂದರೆ ನಂಬಿಬಿಡಬೇಡಿ. ಗಂಡು ಒಂಟಿಯಾಗಿದ್ದರೂ ಆಪರೇಷನ್ ಮಾಡಿಸದಿದ್ದರೆ ಕಂಡಕಂಡಲ್ಲಿ ಉಚ್ಚೆ ಹಾರಿಸುತ್ತದೆ. ಹೆಣ್ಣಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರೂ ಮೊಲಕ್ಕೆ ಈ ಆಪರೇಷನ್ ಮಾಡುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ.

ಮೊದಲ ಪ್ರಶ್ನೆಯವರು: ಮಗಳು ಬಿಳಿ ಮೊಲದ ಕೆಂಪು ಕಣ್ಣು ನೋಡಿ ಹೆದರಿದಳು. ಡಚ್‌ಗೆ ಒಪ್ಪಿದ್ದಾಳೆ. ತಾನೇ ನೋಡಿಕೊಳ್ಳುತ್ತಾಳಂತೆ.

ಉತ್ತರ: ಮೊಲ 8 ರಿಂದ 12 ವರ್ಷ ಬದುಕುತ್ತದೆ. ಅವಳು ಕಾಲೇಜಿಗೆ ಹೋದ ಮೇಲೆ ಒಣಹುಲ್ಲು ಹಾಕುವುದು ನೀವೇ, ಈಗಲೇ ಹೇಳಿಬಿಟ್ಟಿದ್ದೇನೆ!